ರಂಗೋಲಿ ಪುಡಿಯ ವ್ಯಾನು

ಜಲಜಾ ಒಂಬತ್ತನೇ ಸಾಲಿನ ಚುಕ್ಕಿ ಇಡುತ್ತಿದ್ದಳು. ಅಷ್ಟರಲ್ಲಿ ಅಪ್ಪ ಬಂದು ಅವಳ ಕೈಯಿಂದ ರಂಗೋಲಿ ಬಟ್ಟಲು ತೆಗೆದುಕೊಂಡರು.

“ಸಾಕು ಕಣೇ, ಏಳು.”

“ಅಪ್ಪಾ! ಇನ್ನೂ ನಾಲ್ಕು ಸಾಲು ಇದೆ. ಇದು ತಾವರೆ ರಂಗೋಲಿ!”

“ತಾವರೆ ನಾಳೆ ಬಿಡಿಸಿದ್ರಾಯ್ತು. ಇವತ್ತು ಇಲ್ಲಿ ವ್ಯಾನು ಬಿಡಿಸ್ಬೇಕು.”

ಹೇಳುತ್ತಲೇ ಅಪ್ಪ ಪಂಚೆ ಎತ್ತಿ ಕಟ್ಟಿ, ಕಾಲಿನಿಂದ ಸರಸರನೆ ಚುಕ್ಕಿಗಳನ್ನೆಲ್ಲ ಒರೆಸಿಬಿಟ್ಟರು. ಬೆಳಿಗ್ಗೆ ಆರಕ್ಕೆ ಎದ್ದು, ನೀರು ಹಾಕಿ, ಗುಡಿಸಿ, ಬೆನ್ನು ಬಗ್ಗಿಸಿ ಇಟ್ಟ ಚುಕ್ಕಿಗಳು! ಜಲಜಾಳ ಮೈಯೆಲ್ಲ ಉರಿಯಿತು. ತಮ್ಮ ನಾಣಿ ಟೇಪಿನ ಒಂದು ತುದಿ ಹಿಡಿದುಕೊಂಡು ಹಲ್ಲು ಕಿರಿಯುತ್ತಿದ್ದ.

ವ್ಯಾನು ಎಂದರೆ ನಿಜವಾದ ವ್ಯಾನೇ. ಮಿಲಿಟರಿಯವರು ಹರಾಜು ಹಾಕಿದ ಹಳೇ ಆಂಬುಲೆನ್ಸು. ಮಾಗಡಿ ರೋಡಿನಲ್ಲಿ ಅಪ್ಪನ ಮೋಟಾರು ರಿಪೇರಿ ಷೆಡ್ಡು ಇತ್ತು. ಅದರೊಳಗೆ ಆ ವ್ಯಾನು ಒಂದು ವರ್ಷದಿಂದ ನಿಂತಿತ್ತು. ಯುದ್ಧದ ಕಾಲದಲ್ಲಿ ಅಪ್ಪ ಬಸ್ರಾದಲ್ಲಿ ಮಿಲಿಟರಿ ಲಾರಿಗಳನ್ನು ರಿಪೇರಿ ಮಾಡುತ್ತಿದ್ದರು. “ಅಲ್ಲಿಂದ ರೋಡು ಹಿಡಿದು ಹೋಗ್ತಾ ಇದ್ರೆ ಲಂಡನ್ನೇ ಸಿಗುತ್ತೆ ಕಣ್ರೋ. ಒಂದು ದಿನ ನಿಮ್ಮನ್ನೆಲ್ಲ ಕರ್ಕೊಂಡು ಹೋಗ್ತೀನಿ” ಎಂದು ಅವರು ಎಷ್ಟೋ ಸಲ ಹೇಳಿದ್ದರು. ಯಾರೂ ನಂಬಿರಲಿಲ್ಲ.

ಈಗ ಪಾಸ್‌ಪೋರ್ಟು ಬಂದಿತ್ತು. ಎಲ್ಲರ ತೋಳಿಗೂ ಸೂಜಿ ಚುಚ್ಚಿಸಿ ಆಗಿತ್ತು. ಬೊಂಬಾಯಿಯಿಂದ ವ್ಯಾನಿನ ಸಮೇತ ಹಡಗು ಹತ್ತುವುದು, ಬಸ್ರಾದಲ್ಲಿ ಇಳಿಯುವುದು, ಅಲ್ಲಿಂದ ಒಂದೂವರೆ ವರ್ಷ ಪ್ರಪಂಚ ಸುತ್ತುವುದು. ಶಾಲೆಯ ಮೇಷ್ಟ್ರಿಗೂ ಹೇಳಿ ಆಗಿತ್ತು.

ಅಪ್ಪ ಟೇಪು ಹಿಡಿದು ಅಳೆದು, ಅಂಗಳದಲ್ಲಿ ಉದ್ದಕ್ಕೆ ಹನ್ನೆರಡು ಅಡಿ, ಅಗಲಕ್ಕೆ ಆರು ಅಡಿ ಗೆರೆ ಎಳೆದರು. ಅವರು ಎಳೆದ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ‘ರಂಗೋಲಿ ಹಿಡಿಯೋಕೂ ಬರಲ್ಲ’ ಅಂದುಕೊಂಡಳು ಜಲಜಾ.

ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ಯಾರ ಮನೆ ಮುಂದೆ ಏನು ನಡೆದರೂ ಬೀದಿಗೆಲ್ಲ ಕಾಣುತ್ತಿತ್ತು. ಬೀದಿ ನಲ್ಲಿಯಿಂದ ಕೊಡ ಹೊತ್ತು ಬರುತ್ತಿದ್ದ ಪಕ್ಕದ ಮನೆ ವೆಂಕಟಲಕ್ಷ್ಮಮ್ಮ ನಿಂತು ನೋಡಿದರು.

“ಏನ್ರೀ ಜಗನ್ನಾಥಯ್ಯನವ್ರೇ, ಮನೆ ಮುಂದೆ ಇನ್ನೊಂದು ಮನೆಗೆ ಪಾಯ ಹಾಕ್ತಿದೀರಾ?”

“ಹೌದಮ್ಮಾ, ಚಕ್ರ ಇರೋ ಮನೆ! ಹತ್ತು ಗಂಟೆಗೆ ಬಡಗಿ ಕೆಂಚಪ್ಪ ವ್ಯಾನಿನೊಳಗಿನ ಹಲಗೆ ಕುಯ್ಯೋಕೆ ಬರ್ತಾನೆ. ಅಷ್ಟರಲ್ಲಿ ಯಾವುದು ಎಲ್ಲಿ ಅಂತ ಗುರುತು ಹಾಕಿಡ್ಬೇಕು.”

ಅಪ್ಪ ಒಂದೊಂದೇ ಚೌಕ ಬಿಡಿಸತೊಡಗಿದರು.

“ಇದು ಡ್ರೈವರ್ ಸೀಟು, ನಂದು. ಪಕ್ಕದ ಕಿಟಕಿ ಸೀಟು ನಾಣೀದು. ಹಿಂದೆ ಇದು ಸ್ಟವ್ವು. ಇದು ನೀರಿನ ಡ್ರಮ್ಮು. ಇದು ಟೂಲ್ ಬಾಕ್ಸು, ಇದು ಎಕ್ಸ್‌ಟ್ರಾ ಟೈರು. ಈ ಮೂಲೇಲಿ ದೇವರ ಪೆಟ್ಟಿಗೆ. ಇದು ಅಕ್ಕಿ ಡಬ್ಬ. ಅದರ ಮೇಲೆ ಒಂದು ಹಲಗೆ ಹೊಡೆಸಿದ್ರೆ ಜಲಜಾ ಕೂತ್ಕೋತಾಳೆ.”

“ಅಕ್ಕಿ ಡಬ್ಬದ ಮೇಲಾ? ಅಲ್ಲಿ ಕಿಟಕಿ ಎಲ್ಲಿದೆ?”

“ಅಲ್ಲಿ ಕಿಟಕಿ ಇಲ್ಲಮ್ಮಾ. ತಗಡಿನ ಗೋಡೆ.”

“ನಾಣಿಗೆ ಮಾತ್ರ ಯಾಕೆ ಮುಂದೆ?”

“ಗಂಡು ಹುಡುಗ. ರೋಡು ನೋಡ್ಕೊಂಡು ಗಾಡಿ ವಿಷಯ ಕಲೀಲಿ ಅಂತ.”

“ಕೇಳಿಸ್ತಾ?” ಎಂದು ನಾಣಿ ನಾಲಿಗೆ ಚಾಚಿದ.

ಜಲಜಾ ಧಡಧಡನೆ ಅಡಿಗೆಮನೆಗೆ ಹೋದಳು. ಅಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದಳು.

“ಅಮ್ಮಾ, ಇದು ಶುದ್ಧ ಅನ್ಯಾಯ! ಅವನಿಗೆ ಎಂಟು ವರ್ಷ, ನನಗೆ ಹತ್ತು. ಮ್ಯಾಪಿನಲ್ಲಿ ಬೊಂಬಾಯಿ ಎಲ್ಲಿದೆ ಅಂತಲೂ ಅವನಿಗೆ ಗೊತ್ತಿಲ್ಲ. ಪ್ರಪಂಚ ಎಲ್ಲಾ ಅವನೇ ನೋಡೋದಂತೆ. ನಾನು ಒಂದೂವರೆ ವರ್ಷ ತಗಡು ನೋಡ್ಬೇಕಂತೆ! ನನ್ನ ರಂಗೋಲೀನೂ ಅಳಿಸಿಬಿಟ್ರು.”

ಅಮ್ಮ ಪೂರ್ತಿ ಕೇಳಿದಳು. ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಮಗಳ ಕೈಗೆ ಕೊಟ್ಟಳು.

“ಇದನ್ನ ತಿನ್ನು. ಆಮೇಲೆ ಹೋಗಿ ಅಪ್ಪನ್ನ ಕೇಳು. ಅಳಬೇಡ, ಕಿರುಚಬೇಡ. ನಿನಗೆ ಮ್ಯಾಪು ಬರುತ್ತಲ್ಲ, ಅದನ್ನ ಹೇಳು.”

ಜಲಜಾ ರೊಟ್ಟಿ ಮುರಿದು ಬಾಯಿಗಿಟ್ಟಳು. ಅಮ್ಮ ಇನ್ನೊಂದು ರೊಟ್ಟಿ ತಟ್ಟುತ್ತ ಮೆಲ್ಲಗೆ ಕೇಳಿದಳು, “ಹಡಗು ಇಳಿದ ಮೇಲೂ ಸಮುದ್ರ ಕಾಣ್ತಾ ಇರುತ್ತೇನೇ?”

“ಇಲ್ಲಮ್ಮ, ಮರಳುಗಾಡು ಬರುತ್ತೆ. ಟರ್ಕಿ ಹತ್ರ ಮತ್ತೆ ಸಮುದ್ರ ಸಿಗುತ್ತೆ.”

“ರೋಡಿನ ಪಕ್ಕದಲ್ಲೇನಾ? ಕಿಟಕೀಲಿ ಕೂತು ನೋಡಿದ್ರೆ ಕಾಣುತ್ತಾ? ನಾನು ಇದುವರೆಗೂ ಸಮುದ್ರ ನೋಡೇ ಇಲ್ಲ ಕಣೇ.”

“ನನಗೇನಮ್ಮಾ ಗೊತ್ತು? ನನಗೆ ಕಿಟಕೀನೇ ಇಲ್ವಲ್ಲ!” ಎಂದು ಸಿಡುಕಿ ಜಲಜಾ ಕೈ ತೊಳೆದು ಹೊರಗೆ ಓಡಿದಳು.

ಕೆಂಚಪ್ಪ ಬಂದಾಗಿತ್ತು. ಕಿವಿಯ ಸಂದಿಯಲ್ಲಿ ಪೆನ್ಸಿಲು, ಹೆಗಲ ಮೇಲೆ ಗರಗಸ. ಕೈಗಾಡಿಯಲ್ಲಿ ತಂದಿದ್ದ ತೇಗದ ಹಲಗೆಗಳನ್ನು ಗೋಡೆಗೆ ಒರಗಿಸುತ್ತಿದ್ದ.

“ಸರಿಯಾಗಿ ನೋಡ್ಕಬುಡಿ ಸ್ವಾಮಿ. ಕುಯ್ದ ಮ್ಯಾಲೆ ಸಾಲ್ದು ಅಂದ್ರೆ ಅಂಟಾಕಕ್ಕಾಗಕಿಲ್ಲ.”

“ಅಪ್ಪಾ, ಸ್ವಲ್ಪ ತಾಳಿ” ಎಂದಳು ಜಲಜಾ. “ಡ್ರೈವರ್ ಪಕ್ಕ ಕೂತೋರು ದಾರಿ ಹೇಳ್ಬೇಕು ಅಲ್ವಾ? ನಾಣೀನ ಕೇಳಿ, ಬಾಗ್ದಾದ್ ದಾಟಿದ ಮೇಲೆ ಯಾವ ಊರು ಅಂತ.”

ಅಪ್ಪ ನಾಣಿಯ ಕಡೆ ತಿರುಗಿದರು. ನಾಣಿ ತಲೆ ಕೆರೆದುಕೊಂಡ. ಬಹಳ ಯೋಚನೆ ಮಾಡಿ, “ಮಾಗಡಿ?” ಎಂದ.

ಕೆಂಚಪ್ಪನಿಗೆ ನಗು ತಡೆಯಲಾಗಲಿಲ್ಲ. “ಬುಡಿ ಸ್ವಾಮಿ, ಚಿಕ್ಕ ಯಜಮಾನ್ರು ಸುಂಕದಕಟ್ಟೇಗೇ ವಾಪಸ್ ಕರ್ಕಬತ್ತಾರೆ!”

“ಮೋಸುಲ್. ಆಮೇಲೆ ಟರ್ಕಿ” ಎಂದಳು ಜಲಜಾ.

ಅಪ್ಪ ಅವಳ ಕಡೆ ತಿರುಗಿದರು. ಮೀಸೆಯ ತುದಿ ಮೇಲೆದ್ದಿತು.

“ಆಯ್ತು. ಒಂದು ದಿನ ನೀನು ಮುಂದೆ, ಒಂದು ದಿನ ಅವನು. ಮೊದಲನೇ ದಿನ ನಿಂದೇ. ಸರೀನಾ?”

“ಮೋಸ! ಮೋಸ!” ಎಂದು ನಾಣಿ ಕಾಲು ಅಪ್ಪಳಿಸಿದ.

ಜಲಜಾಗೆ ಕುಣಿಯಬೇಕು ಅನ್ನಿಸಿತು. ಅಪ್ಪನಿಗೂ ಹುರುಪು ಬಂದಿತ್ತು. “ಹೋಗ್ರೋ, ಮಣೆಗಳನ್ನ ತಗೊಂಡು ಬನ್ನಿ. ಕುಯ್ಯೋಕೆ ಮುಂಚೆ ಒಂದು ಸಲ ಕೂತು ನೋಡೇಬಿಡೋಣ!”

ಮನೆಯಲ್ಲಿದ್ದ ಮೂರು ಮಣೆಗಳೂ ಅಂಗಳಕ್ಕೆ ಬಂದವು. ಅಪ್ಪ ಒಂದರ ಮೇಲೆ ಕೂತು ಹಿತ್ತಾಳೆ ತಟ್ಟೆಯನ್ನು ಸ್ಟೀರಿಂಗಿನಂತೆ ಹಿಡಿದರು. ಪಕ್ಕದ ಮಣೆಯಲ್ಲಿ ಜಲಜಾ. ಹಿಂದೆ ಅಕ್ಕಿ ಡಬ್ಬದ ಚೌಕದಲ್ಲಿ ಮುಖ ಊದಿಸಿಕೊಂಡ ನಾಣಿ.

“ಪೀಂ ಪೀಂ! ಹೊರಟಿತು! ತುಮಕೂರು ಬಂತು... ಘಾಟಿ ತಿರುವು, ಬಲಕ್ಕೆ ವಾಲಿ!” ಎಂದು ಅಪ್ಪ ಕೂಗಿದರು.

ಎಲ್ಲರೂ ಬಲಕ್ಕೆ ವಾಲಿದರು. ಕೊಡ ಇಳಿಸಿ ನಿಂತಿದ್ದ ವೆಂಕಟಲಕ್ಷ್ಮಮ್ಮನೂ ಗೊತ್ತಿಲ್ಲದೆ ವಾಲಿದರು.

ಆಗ ಅಮ್ಮ ಕಾಫಿ ಲೋಟಗಳನ್ನು ಹಿಡಿದುಕೊಂಡು ಹೊರಗೆ ಬಂದಳು.

“ಬಾರೇ ಅನಂತಲಕ್ಷ್ಮೀ, ನೀನೂ ಹತ್ತು!” ಎಂದರು ಅಪ್ಪ.

ಅಮ್ಮ ನಾಚಿಕೊಂಡಳು. ಕಾಫಿ ಕೊಟ್ಟು, ಸೆರಗು ಸಿಕ್ಕಿಸಿಕೊಂಡು, ಗೆರೆ ಕೆಡದ ಹಾಗೆ ಕಾಲೆತ್ತಿ ಒಳಗಿಟ್ಟಳು.

“ಅಮ್ಮಾ, ಅದು ನೀರಿನ ಡ್ರಮ್ಮು! ಅದರ ಮೇಲೆ ನಿಂತಿದೀಯ!” ಎಂದ ನಾಣಿ.

ಅಮ್ಮ ಎಡಕ್ಕೆ ಸರಿದಳು.

“ಅಲ್ಲಿ ಟೂಲ್ ಬಾಕ್ಸಮ್ಮಾ!”

ಇನ್ನೊಂದು ಹೆಜ್ಜೆ ಹಿಂದೆ ಇಟ್ಟಳು. “ಅದು ಟೈರು ಕಣೇ” ಎಂದರು ಅಪ್ಪ, ತಿರುಗಿ ನೋಡಿ. “ಈ ಕಡೆ ಬಾ... ಊಹೂಂ, ಅಲ್ಲಿ ಸ್ಟವ್ವು.”

ಅಮ್ಮ ಸೀರೆ ನೆರಿಗೆ ಎತ್ತಿ ಹಿಡಿದು ಒಂದು ಕ್ಷಣ ಒಂಟಿ ಕಾಲಿನಲ್ಲಿ ನಿಂತಳು. ಆಮೇಲೆ ನಕ್ಕುಬಿಟ್ಟು, ಗೆರೆ ದಾಟಿ ಹೊರಗೆ ಬಂದು ನಿಂತಳು.

“ನೀವು ಹೊರಡಿ. ಒಲೆ ಮೇಲೆ ರೊಟ್ಟಿ ಇದೆ, ಸೀದುಹೋಗುತ್ತೆ.”

ಎಲ್ಲರೂ ಗೊಳ್ಳೆಂದು ನಕ್ಕರು. ಜಲಜಾನೂ ನಗಲು ಬಾಯಿ ತೆರೆದಳು. ಆದರೆ ನಗು ಬರಲಿಲ್ಲ.

ಅವಳು ಹಿಂದಕ್ಕೆ ತಿರುಗಿ ನೋಡಿದಳು. ಸ್ಟವ್ವಿಗೆ ಒಂದು ಚೌಕ ಇತ್ತು. ದೇವರ ಪೆಟ್ಟಿಗೆಗೆ ಇತ್ತು. ಎಂದೋ ಪಂಕ್ಚರ್ ಆದಾಗ ಬೇಕಾಗುವ ಟೈರಿಗೂ ಇತ್ತು. ಇಷ್ಟು ಹೊತ್ತು ಎಲ್ಲರೂ ಜಗಳವಾಡಿದ್ದು ಒಂದು ಕಿಟಕಿ ಸೀಟಿಗೆ. ತಾನೂ ಅಷ್ಟೇ.

ಅವಳ ಕಣ್ಣು ಮಣೆಗಳ ಮೇಲೆ ಬಿತ್ತು. ಮೂರು. ಮನೆಯಲ್ಲಿ ಇರುವುದೇ ಮೂರು. ದಿನಾ ಊಟಕ್ಕೆ ಅಪ್ಪ, ನಾಣಿ, ತಾನು ಮಣೆ ಹಾಕಿಕೊಂಡು ಕೂರುತ್ತಿದ್ದರು. ಎಲ್ಲರದೂ ಆದ ಮೇಲೆ ಅಮ್ಮ ಬರಿ ನೆಲದ ಮೇಲೆ ಕೂತು ಉಣ್ಣುತ್ತಿದ್ದಳು. ಅದನ್ನು ಜಲಜಾ ಹತ್ತು ವರ್ಷ ನೋಡಿದ್ದಳು. ಇವತ್ತೇ ಕಂಡಿತು.

ಬೆಳಿಗ್ಗೆಯ ಸಿಟ್ಟು ಮತ್ತೆ ಬಂತು. ಆದರೆ ಇದು ಬೇರೆ ತರಹದ್ದು. ಕಾಲು ಅಪ್ಪಳಿಸಬೇಕು ಅನ್ನಿಸಲಿಲ್ಲ.

ಕೆಂಚಪ್ಪ ಕಾಫಿ ಮುಗಿಸಿ, ಹಲಗೆಯ ಮೇಲೆ ಮಂಡಿಯೂರಿ ಗರಗಸ ಇಟ್ಟ. “ಕುಯ್ಯಲಾ ಸ್ವಾಮಿ?”

“ಹೂಂ, ಕುಯ್ಯಿ” ಎಂದರು ಅಪ್ಪ.

“ಬೇಡ ಕೆಂಚಪ್ಪಾ, ತಾಳಿ!”

ಜಲಜಾ ಮುಂದಿನ ಸೀಟಿನಿಂದ ಎದ್ದಳು. ಮಣೆ ಎತ್ತಿ ಎದೆಗೆ ಅವಚಿಕೊಂಡಳು. ರೊಟ್ಟಿ ನೋಡಲು ಹೊರಟು ಮನೆ ಬಾಗಿಲಲ್ಲಿ ಒಂದು ಕಾಲು ಒಳಗಿಟ್ಟಿದ್ದ ಅಮ್ಮ ಹಾಗೇ ನಿಂತಳು. ಅಪ್ಪ ತಟ್ಟೆ ಹಿಡಿದ ಕೈಯನ್ನು ಇಳಿಸಿದರು.

“ಅಪ್ಪಾ,” ಎಂದಳು ಜಲಜಾ, “ಅಮ್ಮ ಎಲ್ಲಿ ಕೂತ್ಕೋತಾಳೆ?”