ಹನ್ನೆರಡನೆಯ ಮನೆಗಾಡಿಯ ಕೊಂಡಿ

ಶನಿವಾರ ಬೆಳಿಗ್ಗೆ ಐರನ್‌ವುಡ್ ಕ್ಯಾಂಪಿನ ಸಭಾಂಗಣದಲ್ಲಿ ಎಲ್ಲರೂ ಪ್ಯಾನ್‌ಕೇಕ್ ತಿಂದು ಏಳುತ್ತಿದ್ದಾಗ ಮಾರ್ಲಿಸ್ ಸ್ಕೋಗನ್ ಏದುಸಿರು ಬಿಡುತ್ತ ಒಳಗೆ ಬಂದಳು.

"ವೆಂಡೆಲ್, ಕೊಂಡಿ ಇಲ್ಲ!"

"ಯಾವ ಕೊಂಡಿ?"

"ರಾಸ್ಕೋ ಗಾಡೀದು. ಹಿಂದೆ ಟ್ರೇಲರ್ ಸಿಗಿಸೋದು. ನಿನ್ನೆ ಇತ್ತು, ಈಗ ಇಲ್ಲ. ಯಾರೋ ಬಿಚ್ಕೊಂಡು ಹೋಗಿದ್ದಾರೆ!"

ವೆಂಡೆಲ್ ಕ್ರೌಸ್ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದ. ಅಳಬೇಕೋ ಬೈಯಬೇಕೋ ಅವನಿಗೆ ತಿಳಿಯಲಿಲ್ಲ. ಎರಡು ತಿಂಗಳಿಂದ ಮಾರ್ಲಿಸ್ ಮತ್ತು ಅವಳ ಗಂಡನಿಗಾಗಿ ಅಡುಗೆಮನೆ, ಹಾಸಿಗೆ ಸಮೇತದ ಮನೆಗಾಡಿ ಹುಡುಕಿ ಹುಡುಕಿ ಅವನ ತಾಳ್ಮೆ ಸವೆದುಹೋಗಿತ್ತು.

ಚಳಿಗಾಲ ಕಳೆಯಲು ಆರಿಜೋನಾಕ್ಕೆ ಬಂದವರೆಲ್ಲ ಮಾರ್ಚ್ ಮುಗಿಯುತ್ತಲೇ ಉತ್ತರಕ್ಕೆ ಹೊರಡುತ್ತಾರೆ. ಸ್ಕೋಗನ್ ದಂಪತಿ ವರ್ಷವಿಡೀ ವಾಸಿಸುತ್ತಿದ್ದ ಮನೆಗಾಡಿಯ ಎಂಜಿನ್ ಜನವರಿಯಲ್ಲೇ ಕೈಕೊಟ್ಟು ನಿಂತಿತ್ತು. ಬೇರೆ ಯಾರಾಗಿದ್ದರೂ ಮಾರ್ಚಿನಲ್ಲಿ ಮಾರಾಟಕ್ಕೆ ನಿಲ್ಲುವ ಹತ್ತಾರು ಗಾಡಿಗಳಲ್ಲಿ ಒಂದನ್ನು ಕೊಂಡು ಹೊರಟುಬಿಡುತ್ತಿದ್ದರು. ಆದರೆ ಮಾರ್ಲಿಸಳ ಗಂಡ ವರ್ಜಿಲ್ ಗಾಲಿಕುರ್ಚಿಯವನು. ಕಂಬಿ ಹಿಡಿದು ನಾಲ್ಕು ಮೆಟ್ಟಿಲು ಹತ್ತಬಲ್ಲ, ಅಷ್ಟೇ. ಅವನು ತಾನೇ ಓಡಿಸಿಕೊಂಡು ಹೋಗುವ, ಕುರ್ಚಿ ಸಮೇತ ಹತ್ತುವ ವ್ಯಾನೊಂದಿತ್ತು. ಅದರ ನೆಲ ತಗ್ಗಿಸಿದ್ದರಿಂದ ನಾಲ್ಕು ಚಕ್ರ ಉರುಳಿಸಿಕೊಂಡು ಎಳೆಯುವ ಹಾಗಿಲ್ಲ. ಟ್ರೇಲರಿನ ಮೇಲೆ ಏರಿಸಿಯೇ ಒಯ್ಯಬೇಕು. ಎರಡೂ ಸೇರಿ ಏಳು ಸಾವಿರ ಪೌಂಡು ತೂಕ. ಸಿಕ್ಕ ಗಾಡಿಗಳೆಲ್ಲ ಐದು ಸಾವಿರಕ್ಕೆ ಕೈ ಎತ್ತುವಂಥವು.

ಹನ್ನೊಂದು ಗಾಡಿ ನೋಡಿದ್ದರು. ಒಂದರ ಚಾವಣಿ ಸೋರಿ ಗೋಡೆ ಮೆತ್ತಗಾಗಿತ್ತು. ಒಂದರ ಮಾಲೀಕ "ಏನ್ ಬೇಕಾದ್ರೂ ಎಳಿಯತ್ತೆ" ಎಂದ, ಎಷ್ಟು ಪೌಂಡು ಎಂದರೆ ಆಕಾಶ ನೋಡಿದ. ಇನ್ನೊಂದು, ಇವರು ಇನ್ನೂರು ಮೈಲಿ ಹೋಗುವಷ್ಟರಲ್ಲಿ ಮಾರಾಟವಾಗಿತ್ತು. ಮೂವತ್ತು ವರ್ಷ ಶಾಲಾ ಬಸ್ಸು ರಿಪೇರಿ ಮಾಡಿದ್ದ ವೆಂಡೆಲನೇ ಎಲ್ಲದಕ್ಕೂ ಜೊತೆ ಹೋಗಿದ್ದ. ಈ ತಿಂಗಳಲ್ಲಿ ಗಾಡಿ ಸಿಗದಿದ್ದರೆ ವರ್ಜಿಲನನ್ನು ಉತ್ತರದ ಡುಲೂತ್‌ ಊರಿನ ಆರೈಕೆ ಮನೆಗೆ ಸೇರಿಸುವುದಾಗಿ ಮಗ ಹೇಳಿ, ಕೋಣೆಯನ್ನೂ ಕಾದಿರಿಸಿದ್ದ. ವ್ಯಾನು ಮಾರಿಬಿಡಿ ಎಂದೂ ಹೇಳಿದ್ದ.

ಹನ್ನೆರಡನೆಯದು ಇದೇ ಕ್ಯಾಂಪಿನ ರಾಸ್ಕೋ ಹ್ಯಾಮರ್ಲಿಯದು. ಕೊಂಡಿಯ ಮೇಲೆ ಹತ್ತು ಸಾವಿರ ಪೌಂಡು ಎಂದು ಅಚ್ಚೊತ್ತಿತ್ತು. ವ್ಯಾಪಾರ ಇವತ್ತು ಮಧ್ಯಾಹ್ನ ಕುದುರಬೇಕಿತ್ತು.

"ಅಡೇಲಾನ ಕರೀತೀನಿ," ಎಂದ ವೆಂಡೆಲ್.

ಅಡೇಲಾ ಟ್ರುಹಿಲ್ಯೊ ಕ್ಯಾಂಪಿನ ಮೇಲ್ವಿಚಾರಕಿ. ಎಪ್ಪತ್ನಾಲ್ಕು ವರ್ಷ, ಗಿಡ್ಡ ಆಳು, ತಲೆಗೆ ಹುಲ್ಲಿನ ಟೋಪಿ. ಹೆದ್ದಾರಿಯ ತೂಕದ ಕಟ್ಟೆಯಲ್ಲಿ ಇಪ್ಪತ್ತಾರು ವರ್ಷ ಲಾರಿಗಳ ಸುಳ್ಳು ಹಿಡಿದವಳು. ಕ್ಯಾಂಪಿನಲ್ಲಿ ಕಳೆದ ನಾಯಿಯಿಂದ ಹಿಡಿದು ಸಭಾಂಗಣದ ಕದ್ದ ಫ್ರಿಜ್ಜಿನವರೆಗೆ ಆಕೆ ಪತ್ತೆ ಹಚ್ಚದ್ದು ಯಾವುದೂ ಇರಲಿಲ್ಲ. ಆಕೆಯ ಹಿಂದೆ ಓಡಾಡಿ, ಗೊಣಗಿ, ತಪ್ಪು ಊಹೆ ಮಾಡುವುದು ಪಕ್ಕದ ಜಾಗದ ವೆಂಡೆಲನ ಕೆಲಸ.

ಅವರು ಹೋದಾಗ ರಾಸ್ಕೋ ಗಾಡಿಯ ಹಿಂದೆ ನಿಂತು ಕೂಗಾಡುತ್ತಿದ್ದ. ಬೆಳಿಗ್ಗೆ ಏಳರಿಂದ ಅವನು ಎಲ್ಲರ ಕಣ್ಣೆದುರಿಗೇ ಪ್ಯಾನ್‌ಕೇಕ್ ಹುಯ್ಯುತ್ತ ನಿಂತಿದ್ದವನು, ಏಪ್ರನ್ ಕೂಡ ಬಿಚ್ಚಿರಲಿಲ್ಲ.

"ಕ್ಯಾಲ್ ಆಸ್ಟ್ರಾಂಡರ್‌ದೇ ಕೆಲಸ! ಅವನ ಗಾಡಿ ಮಾರಾಟ ಆಗ್ತಿಲ್ಲ ಅಂತ ಹೊಟ್ಟೆಕಿಚ್ಚು. ತಿಂಡಿಯ ನಡುವೆ ಎರಡು ಸಲ ಎದ್ದು ಹೋದ, ನಾನೇ ನೋಡಿದೆ."

"ನಾಯಿ ಕರ್ಕೊಂಡು ಹೋಗಿದ್ದೆ ಕಣಯ್ಯಾ," ಎಂದ ಕ್ಯಾಲ್, ಎದುರು ಸಾಲಿನ ಗಾಡಿಯ ದಢೂತಿ ಮನುಷ್ಯ. "ಒಂದ್ಸಲಕ್ಕೆ ಐದು ನಿಮಿಷ. ಅಷ್ಟರಲ್ಲಿ ನಿನ್ನ ಕೊಂಡಿ ಬಿಚ್ಚೋಕೆ ನಾನೇನು ಮಂತ್ರವಾದೀನಾ?"

"ಬಿಡಿ, ಬಿಡಿ," ಎಂದು ರಾಸ್ಕೋ ಮಾರ್ಲಿಸಳ ಕಡೆ ತಿರುಗಿದ. "ಸಂಜೆಯೊಳಗೆ ಇನ್ನೊಂದು ಹತ್ತು ಸಾವಿರದ್ದು ತಂದು ಹಾಕ್ಸಿಕೊಡ್ತೀನಿ. ಪೊಲೀಸ್ ಗಿಲೀಸ್ ಏನೂ ಬೇಡ. ಅಡೇಲಾ, ನೀವ್ಯಾಕೆ ಈ ವಯಸ್ಸಲ್ಲಿ ಕೆಳಗೆ ತೂರ್ತೀರ? ಏಳಿ."

ಅಡೇಲಾ ಆಗಲೇ ರಟ್ಟು ಹಾಸಿಕೊಂಡು ಗಾಡಿಯ ಕೆಳಗೆ ಮಲಗಿದ್ದಳು. ಹೊರಗೆ ಕಾಣುತ್ತಿದ್ದದ್ದು ಆಕೆಯ ಬೂಟುಗಳು ಮಾತ್ರ.

"ವೆಂಡೆಲ್, ಎಂಟು ಬೋಲ್ಟಿದೆ," ಎಂದು ಒಳಗಿಂದ ದನಿ ಬಂತು. "ಒಂದೊಂದಕ್ಕೂ ಅದರದರದೇ ವಾಷರ್, ನಟ್ಟು ತಿರುಗಿಸಿ, ಮಫಿನ್ ಬೇಯಿಸೋ ತಟ್ಟೆಯ ಗುಳಿಗಳಲ್ಲಿ ಇಟ್ಟಿದ್ದಾರೆ. ನೆಲದ ಮೇಲೆ ತುಕ್ಕು ಬಿಡಿಸೋ ಎಣ್ಣೆ ಚೆಲ್ಲಿದೆ, ಅದರ ಮೇಲೆ ಧೂಳು ಕೂತಿದೆ. ಗಾಡಿ ಅಡಿಯ ಚಾಸಿಯಲ್ಲಿ ಕೊಂಡಿ ಮುಚ್ಚಿದ್ದ ಕಡೆ ಕೈಯಗಲ ಬಣ್ಣ ಕೆರೆದು ಹೊಳೀತಿದೆ."

"ಸ್ಪ್ಯಾನರ್ ಜಾರಿರತ್ತೆ," ಎಂದ ವೆಂಡೆಲ್. ಬಗ್ಗಿ ನೋಡುವ ಉತ್ಸಾಹವೂ ಅವನಿಗೆ ಉಳಿದಿರಲಿಲ್ಲ.

"ಇರಬಹುದು." ಅಡೇಲಾ ಹೊರಬಂದು ಜಲ್ಲಿಯ ಮೇಲೆ ಬಗ್ಗಿದಳು. ಚಿಕ್ಕ ಜಾಕಿನ ನಾಲ್ಕು ಗಾಲಿಗಳ ಗುರುತು ಗಾಡಿಯ ಕೆಳಗಿತ್ತು. ಅಲ್ಲಿಂದ ಬಟ್ಟೆ ಸಾಗಿಸುವ ಕೈಬಂಡಿಯ ಎರಡು ಗೆರೆ ಬಟ್ಟೆ ಒಗೆಯುವ ಕೋಣೆಯ ಕಡೆಗೆ ಆಳವಾಗಿ ಹೋಗಿ, ಮೇಲುಮೇಲಾಗಿ ವಾಪಸು ಬಂದಿದ್ದವು.

ಅಷ್ಟರಲ್ಲಿ ರಾಸ್ಕೋನ ಹೆಂಡತಿ ಜಾನೆಟ್ ಮಡಿಸಿದ ಟವೆಲ್ಲುಗಳನ್ನು ಹೊತ್ತು ಬಂದಳು. ಸಣಕಲು ಹೆಂಗಸು, ಮಾತು ಕಡಿಮೆ.

"ಜಾನೆಟ್, ಜೋಳದ ಬ್ರೆಡ್ ಚೆನ್ನಾಗಿತ್ತಮ್ಮ," ಎಂದಳು ಅಡೇಲಾ. "ಆದ್ರೆ ಈ ಸಲ ದೊಡ್ಡ ತಟ್ಟೆಯಲ್ಲಿ ಬೇಯಿಸಿ ಕತ್ತರಿಸಿದ್ದೀಯ. ಪ್ರತಿ ಶನಿವಾರ ಮಫಿನ್ ಮಾಡ್ತಿದ್ದೆ."

"ಬೇಜಾರಾಯ್ತು, ಅದಕ್ಕೆ," ಎಂದು ಜಾನೆಟ್ ಒಳಗೆ ಹೋದಳು.

"ಜನ ಒದ್ದಾಡ್ತಿದ್ದಾರೆ, ನೀವು ಬ್ರೆಡ್ ವಿಚಾರ!" ಎಂದು ವೆಂಡೆಲ್ ಸಿಡುಕಿದ.

"ಸರಿ, ಕೊಂಡಿ ವಿಚಾರಕ್ಕೇ ಬರೋಣ. ಹತ್ತು ಸಾವಿರದ್ದು ಸರಿಯಾಗಿ ಕೂತಿದ್ರೆ ಚಾಸಿ ಹೇಗಿರತ್ತೆ ಅಂತ ನೋಡ್ಬೇಕು. ನಿನ್ನ ಗಾಡೀದು ನೋಡ್ತೀನಿ."

ವೆಂಡೆಲನ ಹಳೆಯ ಡೀಸೆಲ್ ಗಾಡಿ ನಾಲ್ಕು ವರ್ಷದಿಂದ ಒಂದಿಂಚೂ ಕದಲಿರಲಿಲ್ಲ. ಅದರ ಕೊಂಡಿಗೆ ಕಂಬ ಸಿಗಿಸಿ, ಹೂವಿನ ರಸ ಹೀರುವ ಪುಟ್ಟ ಝೇಂಕಾರದ ಹಕ್ಕಿಗಳಿಗೆಂದು ಸಕ್ಕರೆ ನೀರಿನ ಬಾಟಲಿ ತೂಗುಹಾಕಿದ್ದ. ಅಡೇಲಾ ಅದರ ಕೆಳಗೂ ತೂರಿ, ಬಹಳ ಹೊತ್ತು ನೋಡಿ, ಧೂಳು ಕೊಡವಿಕೊಂಡು ಎದ್ದಳು.

ಮಧ್ಯಾಹ್ನ ಮೂರಕ್ಕೆ ಆಕೆ ಎಲ್ಲರನ್ನೂ ಸಭಾಂಗಣಕ್ಕೆ ಕರೆಸಿದಳು. ಸ್ಕೋಗನ್ ದಂಪತಿ, ಹ್ಯಾಮರ್ಲಿ ದಂಪತಿ, ಕ್ಯಾಲ್, ವೆಂಡೆಲ್. ಮೇಜಿನ ಮೇಲೆ ಮಫಿನ್ ತಟ್ಟೆ, ಪಕ್ಕದಲ್ಲಿ ಕಪ್ಪನೆಯ ಭಾರದ ಕೊಂಡಿ.

"ಎಲ್ಲಿತ್ತು?" ರಾಸ್ಕೋ ಎದ್ದು ನಿಂತ.

"ಒಗೆಯೋ ಕೋಣೇಲಿ, ಯಂತ್ರದ ಹಿಂದೆ, ಹಳೇ ಕಂಬಳಿ ಹೊದ್ಕೊಂಡು. ಕೂತ್ಕೊ." ಅಡೇಲಾ ಟೋಪಿ ತೆಗೆದಿಟ್ಟಳು. "ಎಂಟು ತುಕ್ಕು ಹಿಡಿದ ಬೋಲ್ಟು ಒಂದು ತಿಂಡಿಯ ಹೊತ್ತಲ್ಲಿ ಬಿಚ್ಚಕ್ಕಾಗಲ್ಲ. ಎಣ್ಣೆ ಮೇಲೆ ಧೂಳು ಕೂತಿತ್ತು, ಅಂದ್ರೆ ಎಣ್ಣೆ ಹಾಕಿದ್ದು ನಿನ್ನೆ. ನಿನ್ನೆ ಮಧ್ಯಾಹ್ನ ಕ್ಯಾಲ್ ನಿನ್ನ ಗಾಡಿ ಕೆಳಗೆ ಮಲಗಿದ್ರೆ ಯಾಕೆ ಅಂತ ಇಡೀ ಕ್ಯಾಂಪು ಕೇಳ್ತಿತ್ತು. ಯಾರೂ ಏನೂ ಕೇಳದ ಹಾಗೆ ಅಲ್ಲಿ ಬಗ್ಗಿ ಏಳಬಲ್ಲವರು ಆ ಮನೆಯವರೇ."

"ನಾನಾ? ನಾನು ಪ್ಯಾನ್‌ಕೇಕ್—"

"ನೀನಲ್ಲ. ಶಕ್ತಿ ಇರೋ ಗಂಡಸು ಕೊಂಡಿನ ಮೊಣಕಾಲ ಮೇಲೆ ಇಳಿಸ್ಕೋತಾನೆ. ಇದನ್ನ ಜಾಕ್ ಮೇಲೆ ಇಳಿಸಿ, ಬಟ್ಟೆ ಬಂಡೀಲಿ ಸಾಗಿಸಿದ್ದಾರೆ. ಹೋಗುವಾಗ ಗೆರೆ ಆಳ, ಬರುವಾಗ ಹಗುರ. ಗಾಲಿ ಗುರುತು ಓದೋದು ನನಗೆ ಹೊಸದಲ್ಲ. ಇನ್ನು ಈ ತಟ್ಟೆ. ಕೊನೇ ಎರಡು ಬೋಲ್ಟು ಇವತ್ತಿಗೆ ಬಿಟ್ಟು, ನಿನ್ನೆ ಬಿಚ್ಚಿದ್ದನ್ನೆಲ್ಲ ತುಂಬಿ ಇದನ್ನ ಗಾಡಿ ಕೆಳಗೇ ಇಟ್ಟಿದ್ರು. ಅದಕ್ಕೇ ಇವತ್ತು ಮಫಿನ್ ಆಗ್ಲಿಲ್ಲ. ಅಲ್ವಾ ಜಾನೆಟ್?"

ಜಾನೆಟ್ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಹೂಂ," ಎಂದಳು.

"ನಿನಗೇನಾಗಿತ್ತು?" ರಾಸ್ಕೋ ಬಾಯಿ ಬಿಟ್ಟ.

"ಕದಿಯೋರು ನಟ್ಟು ಜೋಡಿಸಿಡಲ್ಲ, ರಾಸ್ಕೋ," ಎಂದಳು ಅಡೇಲಾ. "ಇವಳು ಕೊಂಡಿ ಕದೀಲಿಲ್ಲ. ಮುಚ್ಚಳ ತೆಗೆದಳು. ಅದರ ಹಿಂದೆ ಬಣ್ಣ ಕೆರೆದಿದ್ದು ಸ್ಪ್ಯಾನರ್ ಜಾರಿ ಅಲ್ಲ, ಬೇಕಂತಲೇ. ನಾವು ನೋಡ್ಲಿ ಅಂತ. ವೆಂಡೆಲ್ ಬಗ್ಗಿದ್ರೆ ಅವನಿಗೇ ಗೊತ್ತಾಗ್ತಿತ್ತು. ಅಲ್ಲಿ ಚಾಸಿ ಸೀಳಿದೆ. ಮೇಲೆ ಯಾರೋ ಅಡ್ಡಾದಿಡ್ಡಿ ಹಾಕಿದ ವೆಲ್ಡಿಂಗ್ ತೇಪೆ."

ಮಾರ್ಲಿಸ್ ಗಂಡನ ಕೈ ಹಿಡಿದಳು.

"ಕೊಲೊರಾಡೊ ಘಟ್ಟ ಇಳಿಯುವಾಗ ಸೀಳ್ತು," ಜಾನೆಟ್ ನೆಲ ನೋಡುತ್ತ ಹೇಳಿದಳು. "ಟ್ರೇಲರ್ ಅಲ್ಲಾಡಿ ನಾವು ಬಂಡೆಗೆ ಹೋಗಿ ತಗಲ್ಕೊಂಡ್ವಿ. ಆಚೆ ಕಡೆ ತಿರುಗಿದ್ರೆ ಪ್ರಪಾತ. ಮಾರ್ಲಿಸ್‌ಗೆ ಹೇಳಿಬಿಡು ಅಂತ ರಾಸ್ಕೋಗೆ ಮೂರು ಸಲ ಹೇಳ್ದೆ. ನೋಡ್ಕೊಳೋದು ಕೊಳ್ಳೋರ ಕೆಲಸ ಅಂದ. ನಲವತ್ತು ವರ್ಷದ ಗಂಡನ್ನ ಎಲ್ಲರ ಮುಂದೆ ಸುಳ್ಳುಗಾರ ಅನ್ನಕ್ಕೆ ಬಾಯಿ ಬರ್ಲಿಲ್ಲ. ಕೈ ಬಂತು."

ರಾಸ್ಕೋ ಗಾಲಿಕುರ್ಚಿಯ ಕಡೆ ನೋಡಿದ. ಬೆಳಿಗ್ಗೆಯಿಂದ ತೆಗೆಯದೇ ಇದ್ದ ಏಪ್ರನ್ನಿನ ದಾರ ಬಿಚ್ಚುತ್ತ ಹೊರಗೆ ಹೋದ. ಜಾನೆಟ್ ಹಿಂದೆ ಹೋಗಲಿಲ್ಲ.

"ಹಾಗಾದ್ರೆ ಹನ್ನೆರಡೂ ಹೋಯ್ತು," ಎಂದ ವರ್ಜಿಲ್, ನಗಲು ಹೋಗಿ. "ಮಗನಿಗೆ ಫೋನ್ ಮಾಡು ಮಾರ್ಲಿಸ್. ಆ ಕೋಣೆಗೆ ಕಿಟಕಿಯಾದ್ರೂ ಇದೆಯಾ ಕೇಳು."

"ಕೇಳಲ್ಲ!" ಮಾರ್ಲಿಸ್ ಮೇಜು ಗುದ್ದಿದಳು. "ಸಾಕಾಗಿ ಹೋಗಿದೆ ನನಗೆ! ಈ ಇಡೀ ಮರಳುಗಾಡಿನಲ್ಲಿ ಒಂದು, ಒಂದೇ ಒಂದು ನೆಟ್ಟಗಿರೋ ಗಾಡಿ ಇಲ್ವಾ?"

"ಅದನ್ನೂ ಒಬ್ಬರು ಬಚ್ಚಿಟ್ಟಿದ್ದಾರೆ," ಎಂದಳು ಅಡೇಲಾ. "ಹತ್ತು ಸಾವಿರದ ಕೊಂಡಿ, ಬೋಲ್ಟು ಒಂದೂ ಸಡಿಲಿಲ್ಲ, ಚಾಸಿ ಕನ್ನಡಿ ಹಾಗಿದೆ. ಬೆಳಿಗ್ಗೆ ಕಣ್ಣಾರೆ ನೋಡಿದೆ. ಟೈರ್, ಬ್ಯಾಟರಿ ಮಾತ್ರ ಬದಲಾಯಿಸ್ಬೇಕು. ಅಲ್ವಾ ವೆಂಡೆಲ್?"

ಎಲ್ಲರೂ ತಿರುಗಿ ನೋಡಿದರು. ವೆಂಡೆಲನ ಮುಖಕ್ಕೆ ರಕ್ತ ನುಗ್ಗಿತು.

"ನನ್ನ ಗಾಡಿ ಮಾರಾಟಕ್ಕಿಲ್ಲ. ನಾನು ಅಲಾಸ್ಕಾಗೆ ಹೋಗೋನು. ನನ್ನ ಹೆಂಡ್ತಿ ಡೋರೀನ್ ಇದ್ದಾಗಲೇ ಅಂದ್ಕೊಂಡಿದ್ದು."

"ಯಾವಾಗ ಹೋಗ್ತೀಯ?"

"ಮುಂದಿನ ವರ್ಷ."

"ಅವಳು ಹೋಗಿ ನಾಲ್ಕು ವರ್ಷ ಆಯ್ತು. ನಾಲ್ಕೂ ವರ್ಷ ಇದೇ ಉತ್ತರ ಕೊಟ್ಟಿದ್ದೀಯ." ಅಡೇಲಾಳ ದನಿ ಮೆತ್ತಗಾಯಿತು. "ಹನ್ನೊಂದು ಗಾಡಿ ತೋರಿಸೋಕೆ ಇವ್ರನ್ನ ಊರೂರು ಸುತ್ತಿಸ್ದೆ. ಮನೆ ಬಾಗಿಲಲ್ಲಿದ್ದಿದ್ದು ತೋರಿಸ್ಲಿಲ್ಲ. ನೀನು ಸಿಟ್ಟಾಗಿದ್ದು ಆ ಗಾಡಿಗಳ ಮೇಲಲ್ಲ ಕಣೋ."

ವೆಂಡೆಲನಿಗೆ ಎದ್ದು ಹೋಗಿಬಿಡಬೇಕು ಅನ್ನಿಸಿತು. ಆದರೆ ಪ್ರತಿ ಸಲ ಬರಿಗೈಲಿ ವಾಪಸು ಬರುವಾಗ ತನ್ನೊಳಗೆ ಎಲ್ಲೋ ಸಣ್ಣ ಸಮಾಧಾನವಾಗುತ್ತಿದ್ದದ್ದು ಅವನಿಗೆ ನೆನಪಾಯಿತು. ಇವರು ಹೊರಟುಹೋದರೆ ಅವನಿಗೆ ಹುಡುಕಲು ಏನೂ ಇರುತ್ತಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಆ ನಾಚಿಕೆ ಇಡೀ ಮೈಗೆ ಹತ್ತಿತು.

"ನಾನೆಲ್ಲಿರ್ಲಿ?" ಎಂದು ಕೊನೆಗೆ ಕೇಳಿದ.

"ನಮ್ಮದ್ರಲ್ಲಿ," ಎಂದ ವರ್ಜಿಲ್ ಥಟ್ಟನೆ. "ಒಳಗೆಲ್ಲ ಚೆನ್ನಾಗಿದೆ. ಎಂಜಿನ್ ಒಂದೇ ಸತ್ತಿರೋದು. ನೀನಂತೂ ಎಲ್ಲಿಗೂ ಹೋಗಲ್ಲ."

ಕ್ಯಾಲ್ ಗೊಳ್ಳೆಂದು ನಕ್ಕ. ವೆಂಡೆಲ್ ಅವನನ್ನು ದುರುಗುಟ್ಟಿ ನೋಡಿ, ಆಮೇಲೆ ತಾನೂ ನಕ್ಕುಬಿಟ್ಟ.

"ಹಕ್ಕಿಗಳು?"

"ಅವರ ಗಾಡಿಗೂ ಕೊಂಡಿ ಇದೆ," ಎಂದಳು ಅಡೇಲಾ. "ಕಂಬ ಕಿತ್ತು ಅದಕ್ಕೆ ಸಿಗಿಸು."

ಗುರುವಾರ ಹೊಸ ಟೈರು, ಬ್ಯಾಟರಿ ಬಂದವು. ವೆಂಡೆಲ್ ತಾನೇ ಟ್ರೇಲರ್ ಸಿಗಿಸಿ, ಸರಪಳಿ ಬಿಗಿದು, ಬ್ರೇಕ್ ದೀಪ ಹತ್ತುವುದನ್ನು ಮೂರು ಸಲ ನೋಡಿದ. ವ್ಯಾನಿನ ಗಾಜಿನ ಮೇಲೆ ಇದ್ದ ಧೂಳನ್ನೂ ತೋಳಿನಿಂದ ಒರೆಸಿದ. ಮಾರ್ಲಿಸ್ ಗಾಡಿ ಹೊರಡಿಸಿದಾಗ ನಾಲ್ಕು ವರ್ಷದಿಂದ ಸುಮ್ಮನಿದ್ದ ಎಂಜಿನ್ನಿನ ಸದ್ದು ಇಡೀ ಕ್ಯಾಂಪಿಗೆ ಕೇಳಿಸಿತು.

"ಘಟ್ಟದಲ್ಲಿ ನಿಧಾನ!" ಎಂದು ಅವನು ಹಿಂದಿನಿಂದ ಕೂಗಿದ. "ಗೇರ್ ಇಳಿಸ್ಕೊಂಡು ಹೋಗ್ರಿ!"

ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು, ಆಮೇಲೆ ಸ್ಪ್ಯಾನರ್ ಪೆಟ್ಟಿಗೆ ಎತ್ತಿಕೊಂಡು ಸ್ಕೋಗನ್‌ರ ಹಳೆಯ ಗಾಡಿಯ ಎಂಜಿನ್ ಮುಚ್ಚಳ ತೆರೆದ.

"ಏನ್ ಮಾಡ್ತಿದ್ದೀಯ?" ಅಡೇಲಾ ಕೇಳಿದಳು.

"ಇದು ಸತ್ತಿದೆ ಅಂತ ಯಾರು ಹೇಳಿದ್ದು?" ಎಂದು ವೆಂಡೆಲ್ ತಲೆ ಒಳಗೆ ಹಾಕಿದ. "ಆ ಟಾರ್ಚ್ ಹಿಡೀರಿ ಸ್ವಲ್ಪ."