‘ಎ’ ಗುಂಪಿನ ಪಥ್ಯ

ಗೋದಮ್ಮ ಸತ್ತದ್ದು ಹಿತ್ತಿಲ ಎಳೆಬಿಸಿಲಿನಲ್ಲಿ, ಬೆತ್ತದ ಕುರ್ಚಿಯ ಮೇಲೆ, ಸೊಪ್ಪು ಬಿಡಿಸುತ್ತಾ. ಮಡಿಲಲ್ಲಿ ಮೊರ. ಮೊರದಲ್ಲಿ ಅರ್ಧ ಬಿಡಿಸಿದ ಹರಿವೆ. ಬೆರಳುಗಳ ನಡುವೆ ಇನ್ನೂ ಒಂದು ದಂಟು.

ಮೊದಲು ನೋಡಿದವರು ಅವರ ಗಂಡ ರಾಮಸ್ವಾಮಿ. ಅವರ ಕೂಗು ಎದುರು ಮನೆಯಲ್ಲಿದ್ದ ನನಗೆ ಕೇಳಿಸಿತು. ನಾನು ಓಡಿಹೋದಾಗ ಹೆಂಡತಿಯ ಎದೆಗೆ ಕಿವಿಯೊತ್ತಿ ಮಂಡಿಯೂರಿದ್ದರು.

“ನಂಗೆ ಕೇಳಿಸಲ್ಲ ವಾಣಿ,” ಎಂದರು. “ನೀನು ಸ್ವಲ್ಪ ನೋಡು. ಇದೆಯಾ?”

ನಾನು ಕಿವಿಯಿಟ್ಟೆ. ಏನೂ ಇರಲಿಲ್ಲ.

ಅದು ೨೦೦೩ರ ಶ್ರಾವಣ. ಗವಿಪುರದ ಆ ಬೀದಿಯಲ್ಲಿ ಗೋದಮ್ಮನ ಎದೆಯ ಸದ್ದು ಗೊತ್ತಿಲ್ಲದವರಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಅವರ ಹೃದಯದ ಕವಾಟವನ್ನು ಕೆಡಿಸಿತ್ತು. ಎಷ್ಟೋ ವರ್ಷಗಳ ಹಿಂದೆ ಆಪರೇಷನ್ ಮಾಡಿ ಅಲ್ಲಿ ಲೋಹದ ಕವಾಟ ಕೂರಿಸಿದ್ದರು. ಅದು ಮುಚ್ಚಿದಾಗಲೆಲ್ಲ ಟಿಕ್ ಎನ್ನುತ್ತಿತ್ತು. ಪಕ್ಕದಲ್ಲಿ ಕೂತರೆ ಗೋಡೆ ಗಡಿಯಾರದ ಕೆಳಗೆ ಕೂತ ಹಾಗಾಗುತ್ತಿತ್ತು. ಆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಂತೆ ದಿನವೂ ಒಂದು ಮಾತ್ರೆ ನುಂಗಬೇಕಿತ್ತು.

ಆ ಸದ್ದು ಕೇಳದವರು ರಾಮಸ್ವಾಮಿ ಒಬ್ಬರೇ. ಕಾಟನ್‌ಪೇಟೆಯ ಮುದ್ರಣಾಲಯವೊಂದರ ಯಂತ್ರಗಳ ನಡುವೆ ಆಯುಷ್ಯ ಕಳೆದು ಅವರ ಕಿವಿ ಮಂದವಾಗಿತ್ತು. ಜೋರಾಗಿ ಮಾತಾಡಿದರೆ ಮಾತ್ರ ತಿಳಿಯುತ್ತಿತ್ತು. ಗೋದಮ್ಮನ ಕೋಣೆಯಲ್ಲಿ ಮಲಗುತ್ತಿದ್ದವಳು ತಂಗಿ ಸುಪ್ರಜಾ. ನಲವತ್ತು ದಾಟಿದ್ದಳು, ಮದುವೆಯಾಗಿರಲಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡರೂ ಅಕ್ಕನ ಸದ್ದಿಗೆ ನಿದ್ದೆ ಹತ್ತುವುದಿಲ್ಲ ಎಂದು ಒಮ್ಮೆ ನನ್ನ ಬಳಿ ಹೇಳಿಕೊಂಡಿದ್ದಳು.

ಗೋದಮ್ಮ ಪಥ್ಯಕ್ಕೆ ಬಿದ್ದದ್ದು ಆ ವರ್ಷದ ಯುಗಾದಿಯ ನಂತರ. ಮಲ್ಲೇಶ್ವರದ ಸಂಪಿಗೆ ರಸ್ತೆಯ ಪಕ್ಕದ ಅಡ್ಡರಸ್ತೆಯಲ್ಲಿ ಮಹಾನಂದ ಎಂಬಾಕೆ ರಕ್ತದ ಗುಂಪು ನೋಡಿ ಊಟ ಹೇಳುವ ಕ್ಲಿನಿಕ್ ನಡೆಸುತ್ತಿದ್ದರು. ‘ಓ’ ಗುಂಪಿನವರದು ಬೇಟೆಗಾರರ ರಕ್ತ, ಅವರು ಮಾಂಸ ತಿನ್ನಬೇಕಂತೆ. ‘ಎ’ ಗುಂಪಿನವರದು ಬೇಸಾಯಗಾರರ ರಕ್ತ, ಅವರಿಗೆ ಸೊಪ್ಪು, ಕಾಳು. ‘ಬಿ’ಗೆ ಹಾಲು ಹೈನು. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವಳು. ಇದಕ್ಕೆ ಆಧಾರವಿಲ್ಲ ಗೋದಮ್ಮ, ಎಂದಿದ್ದೆ. ಅವರು ನಕ್ಕು, ತಮ್ಮದು ‘ಎ’ ಗುಂಪು, ಕರಿದದ್ದು ಸಿಹಿ ಎರಡೂ ಬಿಟ್ಟ ಮೇಲೆ ಮಂಡಿನೋವೇ ಇಲ್ಲ ಎಂದಿದ್ದರು. ನಿಜವೇ. ಮೈ ಇಳಿದಿತ್ತು, ಮುಖ ತಿಳಿಯಾಗಿತ್ತು. ದಿನಕ್ಕೆ ಮೂರು ಹೊತ್ತೂ ಸೊಪ್ಪು.

ರಾಮಸ್ವಾಮಿ ಮಹಾನಂದರ ಮೇಲೆ ಪೊಲೀಸರಿಗೆ ದೂರು ಕೊಟ್ಟರು. ಶವಪರೀಕ್ಷೆಯಾಯಿತು. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಸೊಪ್ಪಿನಲ್ಲಿರುವ ಒಂದು ಸತ್ವ ಆ ಮಾತ್ರೆಯ ಶಕ್ತಿಯನ್ನೇ ಕುಂದಿಸುತ್ತದೆ ಎಂದು ವೈದ್ಯರು ಹೇಳಿದರು.

ಅಂದಿನಿಂದ ರಾಮಸ್ವಾಮಿಯ ದೂರು ತಮ್ಮ ಮೇಲೆಯೇ ತಿರುಗಿತು. ದಿನಾ ಬೆಳಗ್ಗೆ ಗಾಂಧಿ ಬಜಾರಿನಿಂದ ಸೊಪ್ಪಿನ ಕಟ್ಟು ತರುತ್ತಿದ್ದವರು ಅವರೇ. ಹುಳಿ ಕುದಿಸುತ್ತಿದ್ದವರೂ ಅವರೇ. ಅವರು ಊಟ ಬಿಟ್ಟರು. ಹಿತ್ತಿಲಿನ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ನನ್ನ ಮನೆಯ ನಲ್ಲಿ ತೊಟ್ಟಿಕ್ಕಿದರೂ ಗೋದಮ್ಮ ಗೇಟಿನ ಹತ್ತಿರ ಬಂದು ನಿಂತ ಹಾಗಾಗಿ ನಾನು ಬೆಚ್ಚುತ್ತಿದ್ದೆ. ಕೊನೆಗೆ ನನ್ನ ಸೋದರಮಾವ ನಾರಾಯಣಪ್ಪನವರನ್ನು ಕರೆತಂದೆ. ಪೊಲೀಸ್ ಪತ್ತೇದಾರಿ ವಿಭಾಗದಿಂದ ನಿವೃತ್ತರಾಗಿ ಚಾಮರಾಜಪೇಟೆಯಲ್ಲಿದ್ದರು.

“ಆ ಮನುಷ್ಯ ಹೀಗೇ ಇದ್ರೆ ಉಳಿಯಲ್ಲ ಮಾವ,” ಎಂದೆ. “ಅವರು ಕೊಂದ್ರಾ ಇಲ್ವಾ, ಅದೊಂದು ಹೇಳಿ.”

ರಾಮಸ್ವಾಮಿಯ ಪಡಸಾಲೆಯ ಗೋಡೆ ಗಡಿಯಾರ ನಿಂತಿತ್ತು. ಸುಪ್ರಜಾ ಅದರ ಸೆಲ್ ತೆಗೆದಿಟ್ಟಿದ್ದಳು. ಮನೆಯೊಳಗೆ ಇನ್ನೂ ಬೇಯಿಸಿದ ಸೊಪ್ಪಿನ ವಾಸನೆ. ಮಾವ ಕೇಳಿದ್ದಕ್ಕೆಲ್ಲ ಅವಳು ತಗ್ಗಿದ ದನಿಯಲ್ಲಿ ಉತ್ತರ ಕೊಟ್ಟಳು. ಮಾತ್ರೆ ಒಂದು ದಿನವೂ ತಪ್ಪಿಲ್ಲ, ತಾನೇ ಕೈಯಾರೆ ಕೊಡುತ್ತಿದ್ದೆ ಎಂದಳು. ರಕ್ತ ಹೆಪ್ಪುಗಟ್ಟುವ ಪರೀಕ್ಷೆ? ಮೈ ಚೆನ್ನಾಗಿದೆ, ಇನ್ಯಾಕೆ ಸೂಜಿ ಎಂದು ಅಕ್ಕನೇ ಹೋಗುವುದು ನಿಲ್ಲಿಸಿದ್ದಳಂತೆ.

“ಕೊನೇ ದಿನಗಳಲ್ಲಿ ಏನಾದ್ರೂ ವ್ಯತ್ಯಾಸ ಕಂಡಿತ್ತಾ?” ಮಾವ ಕೇಳಿದರು.

“ಏನೂ ಇಲ್ಲ. ಎಂದಿನ ಹಾಗೇ ಇದ್ಲು.”

ಹೊರಡುವಾಗ ಗೇಟಿನವರೆಗೆ ಬಂದಳು. ಮಾವ ಆಟೋ ನಿಲ್ಲಿಸಲು ಮುಂದೆ ಹೋಗಿದ್ದರು. ಅವಳು ನನ್ನ ಕೈ ಹಿಡಿದುಕೊಂಡಳು. “ಅಕ್ಕ ಹೋಗೋ ಮುಂಚಿನ ರಾತ್ರಿಗಳಲ್ಲಿ ಎಷ್ಟು ಚೆನ್ನಾಗಿ ನಿದ್ದೆ ಬರ್ತಿತ್ತು ವಾಣಿ. ಈಗ ಕಣ್ಣು ಮುಚ್ಚೋಕೇ ಭಯ.” ಅವಳ ಬೆರಳು ತಣ್ಣಗಿದ್ದವು. ದುಃಖದ ಮಾತು ಅಂದುಕೊಂಡೆ. ಅದೇ ಮರುಕದಿಂದ ಆಟೋದಲ್ಲಿ ಮಾವನಿಗೂ ಹೇಳಿದೆ, ಹಿಂದೆ ಅವಳು ಹೇಳಿಕೊಂಡಿದ್ದ ಹತ್ತಿಯ ಮಾತನ್ನೂ. ಅವರು ರಸ್ತೆ ನೋಡುತ್ತಾ ಕೂತಿದ್ದರು.

ಮಹಾನಂದರ ಕ್ಲಿನಿಕ್ಕಿನಲ್ಲಿ ಮಾವ ಮೊದಲು ಬೆರಳು ಮುಂದೆ ಚಾಚಿದರು. ತಮಗೆ ಸಕ್ಕರೆ ಕಾಯಿಲೆ, ತಮ್ಮ ಗುಂಪೂ ನೋಡಿಬಿಡಿ ಎಂದರು. ಆಕೆ ಚುಚ್ಚಲಿಲ್ಲ. ನೀವು ಯಾಕೆ ಬಂದಿದ್ದೀರಿ ಎಂದು ಗೊತ್ತು, ಕೂತುಕೊಳ್ಳಿ ಎಂದರು. ಐವತ್ತರ ಹೆಂಗಸು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

“ಗೋದಮ್ಮ ಯಾವ ಔಷಧಿ ತಗೋತಾರೆ ಅಂತ ಕೇಳಿದ್ರಾ?”

“ಇಲ್ಲ.”

“ಏನು ಕೇಳಿದ್ರಿ?”

“ಗುಂಪು ನೋಡ್ದೆ. ಚಾರ್ಟ್ ಕೊಟ್ಟೆ. ಎಲ್ಲರಿಗೂ ಅಷ್ಟೇ ಮಾಡೋದು.” ಮೇಜಿನ ಮೇಲಿದ್ದ ಚಾರ್ಟುಗಳನ್ನು ಪಕ್ಕಕ್ಕೆ ಸರಿಸಿ, “ಅದೂ ಸರಿಯಾಗಿ ಕೊಡ್ಲಿಲ್ಲ,” ಎಂದರು.

ಆಮೇಲೆ ಎಲ್ಲ ಬಿಚ್ಚಿ ಹೇಳಿದರು. ಗೋದಮ್ಮನದು ‘ಎ’ ಗುಂಪಲ್ಲ, ‘ಓ’. ಆ ಚಾರ್ಟಿನಲ್ಲಿ ಮೊದಲ ಸಾಲೇ ಕುರಿಮಾಂಸ. ಅಯ್ಯಂಗಾರರ ಮನೆಯ ಹೆಂಗಸಿನ ಮುಂದೆ ಅದನ್ನು ಇಡುವುದು ಹೇಗೆ? ಗೋದಮ್ಮ ಹೊರಗೆ ಕೂತಿದ್ದಾಗ ಸುಪ್ರಜಾ ಒಳಗೆ ಬಂದು, ‘ಎ’ ಅಂತಲೇ ಹೇಳಿಬಿಡಿ, ಸೊಪ್ಪಾದರೂ ತಿನ್ನಲಿ, ಅಕ್ಕನ ಮಂಡಿನೋವು ನೋಡಲಾರೆ ಎಂದು ಕೇಳಿಕೊಂಡಳಂತೆ.

“ತಪ್ಪು ಚಾರ್ಟಿನಲ್ಲೂ ಅವರಿಗೆ ವಾಸಿಯಾಯ್ತಲ್ಲ?” ನಾನು ಕೇಳಿದೆ.

“ಆಯ್ತು. ಎಣ್ಣೆ, ಸಕ್ಕರೆ, ಮೈದಾ ಬಿಟ್ಟೋರಿಗೆಲ್ಲ ಆಗತ್ತೆ, ಗುಂಪು ಯಾವುದಾದ್ರೂ.” ಅವರು ಗೋಡೆಯ ಮೇಲಿನ ಬಣ್ಣದ ಪಟ ನೋಡಿದರು. “ಅದು ನಂಗೆ ಮುಂಚೇನೇ ಗೊತ್ತಿತ್ತು. ಜನಕ್ಕೆ ರಕ್ತದ ಹೆಸರು ಹೇಳಿದ್ರೆ ಮಾತ್ರ ಕೇಳ್ತಾರೆ.”

ನನ್ನ ಮನಸ್ಸು ಆಗಲೇ ಸುಪ್ರಜಾಳ ಕಡೆ ಹೊರಳಿತ್ತು. ಗುಂಪು ಬದಲಿಸಿದವಳು ಅವಳೇ. ಸೊಪ್ಪಿನ ದಾರಿ ತೋರಿಸಿದವಳೂ ಅವಳೇ. ಮಾವ ಮಾತ್ರ ಬೇರೆ ಪ್ರಶ್ನೆ ಕೇಳಿದರು — ಸುಪ್ರಜಾ ಆಮೇಲೆ ಇಲ್ಲಿಗೆ ಬಂದಿದ್ದಳೇ?

ಮಹಾನಂದ ತಡವರಿಸಿದರು. ಅವರ ಅಣ್ಣ ವಸಿಷ್ಠ, ಹೆಂಡತಿ ತೀರಿಕೊಂಡ ಮೇಷ್ಟ್ರು. ಅಕ್ಕನನ್ನು ಕರೆತರುತ್ತಿದ್ದ ಸುಪ್ರಜಾಳನ್ನು ಇಲ್ಲೇ ನೋಡಿ ಮೆಚ್ಚಿದ್ದರು. ಅವಳಿಗೂ ಒಪ್ಪಿಗೆಯಿತ್ತು. ಆಮೇಲೆ ವಸಿಷ್ಠ ಇದ್ದಕ್ಕಿದ್ದಂತೆ ಹಿಂದೆ ಸರಿದರು. ಏಕೆಂದರೆ ಗೋದಮ್ಮ ಒಬ್ಬರೇ ಬಂದು, ತಂಗಿಗೆ ಫಿಟ್ಸ್ ಬರುತ್ತದೆ, ಮನೆಯವರು ಮುಚ್ಚಿಟ್ಟಿದ್ದೇವೆ ಎಂಬ ಸುಳ್ಳನ್ನು ಅವರ ಕಿವಿಗೆ ಹಾಕಿ ಹೋಗಿದ್ದರು.

“ಇದು ಸುಪ್ರಜಾಗೆ ಗೊತ್ತಾ?” ಮಾವ ಕೇಳಿದರು.

“ನಾನೇ ಹೇಳ್ದೆ. ವರಮಹಾಲಕ್ಷ್ಮಿ ಹಬ್ಬದ ಮರುದಿನ.”

ಗೋದಮ್ಮ ಸತ್ತದ್ದು ಅದರ ಮುಂದಿನ ವಾರ.

ಅಲ್ಲಿಂದ ನೇರವಾಗಿ ಗೋದಮ್ಮನ ಹೃದಯದ ವೈದ್ಯರ ಬಳಿ ಹೋದೆವು. ಮಾವ ಕೇಳಿದ್ದು ಒಂದೇ ಪ್ರಶ್ನೆ.

ಮರುದಿನ ಮಧ್ಯಾಹ್ನ ಮಾವ ರಾಮಸ್ವಾಮಿಯ ಪಡಸಾಲೆಯಲ್ಲಿ, ಅವರ ಕಿವಿಯ ಸಮೀಪಕ್ಕೆ ಕುರ್ಚಿ ಎಳೆದುಕೊಂಡು ಕೂತರು. ಎದುರಿಗೆ ಕಂಬಕ್ಕೊರಗಿ ಸುಪ್ರಜಾ. ನಾನು ಬಾಗಿಲ ಬಳಿ.

“ಸ್ವಾಮಿಗಳೇ, ಸೊಪ್ಪು ತಂದೋರು ನೀವು. ಆದ್ರೆ ನಿಮ್ಮ ಹೆಂಡತಿ ಸತ್ತಿದ್ದು ನಿಮ್ಮಿಂದಲ್ಲ.”

ರಾಮಸ್ವಾಮಿ ತಲೆಯೆತ್ತಿದರು.

ಮಾವ ನಿಧಾನವಾಗಿ, ಜೋರಾಗಿ ವಿವರಿಸಿದರು. ಎಲ್ಲರೂ ರಕ್ತದ ಗುಂಪಿನ ಹಿಂದೆ ಬಿದ್ದಿದ್ದೆವು. ಗುಂಪು ಬದಲಿಸಿದ್ದು ಸುಪ್ರಜಾ ನಿಜ, ಆದರೆ ಆಗ ಅವಳಿಗೆ ಅಕ್ಕನ ಮೇಲೆ ಇದ್ದದ್ದು ಕರುಣೆಯೇ. ಸೊಪ್ಪು ಮಾತ್ರೆಯನ್ನು ಕುಂದಿಸಿತು, ಅದೂ ನಿಜ. ಆದರೆ ಹೆಪ್ಪು ಒಂದೇ ಗಳಿಗೆಯಲ್ಲಿ ಕವಾಟವನ್ನು ಕಟ್ಟಲಿಲ್ಲ. ನಿಧಾನವಾಗಿ ಬೆಳೆಯಿತು. ಬೆಳೆಯುತ್ತಾ ಒಂದು ಸೂಚನೆ ಕೊಟ್ಟಿತು.

“ಏನು ಸೂಚನೆ?” ರಾಮಸ್ವಾಮಿ ಕೇಳಿದರು.

“ಲೋಹದ ಮೇಲೆ ಹೆಪ್ಪು ಕೂತ್ರೆ ಟಿಕ್ ಅನ್ನೋ ಸದ್ದು ಮಂದ ಆಗತ್ತೆ. ಆಮೇಲೆ ಕೇಳಿಸೋದೇ ಇಲ್ಲ. ಆಪರೇಷನ್ ಆಗಿ ಮನೆಗೆ ಕಳಿಸೋವಾಗ ಡಾಕ್ಟ್ರು ಇದನ್ನ ಹೇಳಿ ಕಳಿಸಿದ್ರಂತೆ. ಸದ್ದು ಅಡಗಿದ್ರೆ ಆ ಕ್ಷಣ ಕರ್ಕೊಂಡು ಬನ್ನಿ ಅಂತ. ಯಾರಿಗೆ ಹೇಳಿದ್ರು?”

ರಾಮಸ್ವಾಮಿ ತಮ್ಮ ಕಿವಿ ಮುಟ್ಟಿಕೊಂಡರು. “ನಂಗೆ ಕೇಳಿಸಲ್ಲ ಅಂತ... ಸುಪ್ರಜಾಗೆ.”

“ಹತ್ತಿ ತುರುಕಿಕೊಂಡ್ರೂ ಅಕ್ಕನ ಸದ್ದಿಗೆ ನಿದ್ದೆ ಬಾರದೋಳು, ಅಕ್ಕ ಸಾಯೋ ಮುಂಚಿನ ರಾತ್ರಿಗಳಲ್ಲಿ ಚೆನ್ನಾಗಿ ನಿದ್ದೆ ಬಂತು ಅಂತ ವಾಣಿ ಹತ್ರ ಹೇಳಿದ್ಲು. ನನ್ನ ಹತ್ರ ಏನೂ ವ್ಯತ್ಯಾಸ ಇರಲಿಲ್ಲ ಅಂದ್ಲು. ಎರಡೂ ನಿಜ ಆಗೋಕೆ ಸಾಧ್ಯ ಇಲ್ಲ.”

ಆ ಮಾತನ್ನು ಕಿವಿಯಾರೆ ಕೇಳಿದವಳು ನಾನು. ಸತ್ತ ಮೇಲೆ ಮನೆ ನಿಶ್ಶಬ್ದವಾಯಿತೆಂದು ತಿಳಿದಿದ್ದೆ. ಮನೆ ನಿಶ್ಶಬ್ದವಾದದ್ದು ಅವರು ಬದುಕಿದ್ದಾಗಲೇ.

“ಆಸ್ಪತ್ರೆ ದೂರ ಇರಲಿಲ್ಲ,” ಮಾವ ಅವಳ ಕಡೆ ತಿರುಗಿದರು. “ಹೆಪ್ಪು ಕರಗಿಸೋಕೆ ಔಷಧಿ ಇತ್ತಂತೆ. ನೀನು ಒಂದು ಮಾತು ಹೇಳಿದ್ರೆ ಸಾಕಾಗಿತ್ತು. ಕೋರ್ಟು ಇದನ್ನ ಏನಂತ ಕರೆಯತ್ತೋ ನಂಗೊತ್ತಿಲ್ಲ. ಆದ್ರೆ ಆಕೆಯ ಸಾವು ನಿನ್ನದು ಸುಪ್ರಜಾ.”

ಅವಳು ಅಳಲಿಲ್ಲ. ಹಬ್ಬದ ಮರುದಿನ ಮಲ್ಲೇಶ್ವರದಿಂದ ಬಂದ ರಾತ್ರಿಯೇ ಸದ್ದು ಒರಟಾಗಿದ್ದು ಗೊತ್ತಾಯಿತು ಎಂದಳು. ಬೆಳಗಾಗಲಿ, ಭಾವನಿಗೆ ಹೇಳೋಣ ಅಂದುಕೊಂಡಳಂತೆ. ಬೆಳಗಾಯಿತು. ಅಕ್ಕ ಎದ್ದವಳೇ, ನನ್ನ ಸೀರೆ ಒಗೆದಿಲ್ಲವೇ ಎಂದು ರೇಗಿದಳು. ನಾಳೆ ಹೇಳೋಣ ಅಂದುಕೊಂಡಳಂತೆ. ಮೊದಲೂ ಎರಡು ಸಂಬಂಧಗಳು ಹೀಗೇ ಬಾಗಿಲವರೆಗೆ ಬಂದು ತಿರುಗಿಹೋಗಿದ್ದವು. ತನ್ನನ್ನು ಮನೆಯಲ್ಲೇ ಇಟ್ಟುಕೊಳ್ಳಲು ಅಕ್ಕನೇ ಅವನ್ನೂ ತಪ್ಪಿಸಿದ್ದಳೆಂದು ಆ ರಾತ್ರಿಗಳಲ್ಲಿ ಹೊಳೆಯಿತಂತೆ. ಸದ್ದು ದಿನದಿನಕ್ಕೆ ಸಣ್ಣಗಾಯಿತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಕಿವಿಯ ಹತ್ತಿ ತೆಗೆದು ಮಲಗಿದಳಂತೆ.

“ಕೊಲ್ಲಬೇಕು ಅಂತ ಇರಲಿಲ್ಲ ಭಾವ,” ಎಂದಳು. “ಇನ್ನೊಂದು ರಾತ್ರಿ ನಿದ್ದೆ ಮಾಡಿಬಿಡೋಣ ಅಂತ ಅಷ್ಟೇ.”

ರಾಮಸ್ವಾಮಿ ಅವಳ ಕಡೆ ತಿರುಗಿದರು. ಅವಳನ್ನು ಹಿಂದೆಂದೂ ನೋಡಿಲ್ಲದವರಂತೆ ನೋಡುತ್ತಿದ್ದರು. ಆಮೇಲೆ, ಯಾವ ಪೊಲೀಸರಿಗೂ ತೋಚದ ಪ್ರಶ್ನೆ ಕೇಳಿದರು.

“ಗೋದಾಗೆ ಗೊತ್ತಾಗಿತ್ತಾ?”

ಸುಪ್ರಜಾ ಕಂಬ ಬಿಟ್ಟು ಅವರ ಬಳಿಗೆ ಬಂದಳು. ನೆಲದ ಮೇಲೆ ಕೂತು, ಅವರಿಗೆ ಕೇಳುವಷ್ಟು ಜೋರಾಗಿ ಹೇಳಿದಳು.

“ಹಿಂದಿನ ರಾತ್ರಿ ಕೇಳಿದ್ಲು. ಸುಪ್ಪಿ, ಇವತ್ತು ನನ್ನ ಸದ್ದು ನಂಗೇ ಕೇಳಿಸ್ತಿಲ್ಲ, ನಿಂಗೆ ಕೇಳಿಸ್ತಿದೆಯಾ, ಅಂದ್ಲು.”

“ನೀನೇನಂದೆ?”

“ಕೇಳಿಸ್ತಿದೆ ಅಕ್ಕ, ಮಲಕ್ಕೋ ಅಂದೆ. ನಂಬಿ ಮಲಕ್ಕೊಂಡ್ಲು.”