ಮೇಷ್ಟ್ರ ದಿಂಬು

ನಾನು ಮಾನಸಿಕ ರೋಗಿಗಳ ವಾರ್ಡಿನ ನರ್ಸ್. ಎಂಜಲು, ವಾಂತಿ ಕಂಡು ಮೂಗು ಮುಚ್ಚುವವಳಲ್ಲ. ಆದರೆ ಆ ದಿಂಬು ನೆನಪಾದರೆ ಇಂದಿಗೂ ಊಟದ ತಟ್ಟೆ ಪಕ್ಕಕ್ಕೆ ಸರಿಸಿಬಿಡುತ್ತೇನೆ.

ಕಿಟಕಿ ಪಕ್ಕದ ಮಂಚದವರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದೆವು. ಮನೋರೋಗಕ್ಕೆ ಕೊಡುತ್ತಿದ್ದ ಮಾತ್ರೆಯಿಂದ ಅವರಿಗೆ ಜೊಲ್ಲು ಸುರಿಯುತ್ತಿತ್ತು, ಮಲವೂ ಕಟ್ಟಿತ್ತು.

"ಹೊಟ್ಟೆ ಕಲ್ಲಾಗಿದೆ ಸರ್, ಒಂದ್ಸಲ ಮುಟ್ಟಿ ನೋಡಿ" ಎಂದು ನಾನು ವಾರ್ಡಿನ ಡಾಕ್ಟರನ್ನು ಅಂಗಲಾಚಿದೆ.

"ಜೊಲ್ಲಿಗೆ ದಿಂಬಿನ ಮೇಲೆ ಟವೆಲ್ ಹಾಸಿ ಸಿಸ್ಟರ್. ಹೊಟ್ಟೆ ತಾನಾಗೇ ಸರಿಹೋಗುತ್ತೆ" ಎಂದರು ಡಾಕ್ಟರು.

ಕರುಳು ಕಟ್ಟಿಯೇ ಮೇಷ್ಟ್ರು ಸತ್ತರು.

ಆಮೇಲೆ ಆ ಖಾಲಿ ಮಂಚದ ದಿಂಬು ಹಾಡಹಗಲೇ ಒದ್ದೆಯಾಗತೊಡಗಿತು. ಹುಳಿ ನಾತ, ಬೆಚ್ಚಗಿನ ಅಂಟು. ಬದಲಿಸಿದ ದಿಂಬಿಗೂ ಅದೇ ಗತಿ. ಎಲ್ಲವನ್ನೂ ಸುಟ್ಟ ಆಯಾ, "ಅಕ್ಕಾ, ಎಷ್ಟು ಕೈ ತೊಳೆದ್ರೂ ನಾತ ಹೋಗ್ತಿಲ್ಲ" ಎಂದು ಅತ್ತಳು.

ಆ ಮಂಚಕ್ಕೆ ಹೊಸ ರೋಗಿ ಬಂದ. ಅವನಿಗೂ ಅದೇ ಮಾತ್ರೆ. ವಾರದಿಂದ ಕಕ್ಕಸಿಗೆ ಹೋಗಿಲ್ಲವೆಂದು ಅವನು ಅತ್ತರೂ ಡಾಕ್ಟರ ಬಾಯಲ್ಲಿ ಅದೇ ಟವೆಲ್ಲಿನ ಮಾತು. ನನಗೆ ಮೈಯೆಲ್ಲ ಉರಿಯಿತು. ಅಂಗಡಿಯಿಂದ ಆಗಷ್ಟೇ ಬಂದ ದಿಂಬನ್ನು, ಪ್ಲಾಸ್ಟಿಕ್ ಕವರ್ ಸಮೇತ, ಅವರ ಕೈಗೇ ಕೊಟ್ಟೆ.

"ನೀವೇ ಬಿಚ್ಚಿ ಸರ್."

ಅವರು ನಗುತ್ತಲೇ ಕವರ್ ಹರಿದರು. ಒಳಗಿನಿಂದ ಬೆಚ್ಚನೆಯ ಜೊಲ್ಲು ಎಳೆಎಳೆಯಾಗಿ ಅವರ ಮೊಣಕೈವರೆಗೂ ಇಳಿಯಿತು.

ಕೈ ಕೂಡ ಒರೆಸಿಕೊಳ್ಳದೆ ಅವರು ರೋಗಿಯ ಅಂಗಿ ಎತ್ತಿ, ಹೊಟ್ಟೆ ಒತ್ತಿ ನೋಡಿದರು.